ಇಂಜಿನಿಯರಿಂಗ್ ವ್ಯಾಸಂಗದಲ್ಲಿ ಸಹಯೋಗ ಪದ್ಧತಿ: ಅದರ ಉತ್ಪತ್ತಿ ಮತ್ತು ಪರಿಣತಿ

ಶಾಸ್ತ್ರವನ್ನು ಓದುವ ಕಾಲ ಬೇರೆ, ಅದನ್ನು ಪ್ರಯೋಗಿಸುವ ಕಾಲ ಬೇರೆ ಎಂಬ ವಿಭಾಗವು ವಿದ್ಯಾಲಯಗಳಲ್ಲಿ ಬಹುಮಟ್ಟಿಗೆ ಸಿದ್ಧವಾದುದೆಂದೇ ಗ್ರಹಿಸಲ್ಪಟ್ಟಿದೆ. ಮೊದಲು ಓದು, ಆಮೇಲೆ ಪರೀಕ್ಷೆ, ತರುವಾಯ ಪದವಿ, ಕಟ್ಟಕಡೆಗೆ ಉದ್ಯೋಗ. ಇದೇ ರೂಢಿಯಲ್ಲಿರುವ ಮಾರ್ಗ. ಈ ವಿಭಾಗವನ್ನು ಒಪ್ಪದೆ, ಇಂಜಿನಿಯರಿಂಗ್ ವಿದ್ಯಾರ್ಥಿಯು ಪದವಿಯನ್ನು ಪಡೆಯುವುದಕ್ಕೆ ಮೊದಲೇ ಕೆಲವು ಕಾಲ ವಿದ್ಯಾಶಾಲೆಯಲ್ಲಿಯೂ ಕೆಲವು ಕಾಲ ಕಾರಖಾನೆಯಲ್ಲಿಯೂ ಸರದಿಯ ಮೇಲೆ ಇರತಕ್ಕದ್ದೆಂದು ವಿಧಿಸುವ ಒಂದು ಕ್ರಮವು ಅಮೆರಿಕದ ಸಂಯುಕ್ತ ಸಂಸ್ಥಾನಗಳ ಸಿನ್ಸಿನ್ನಾಟಿ ನಗರದಲ್ಲಿ ೧೯೦೬ನೆಯ ಇಸವಿಯಲ್ಲಿ ಪ್ರಾರಂಭವಾಯಿತು. ಅಲ್ಲಿಂದ ಅದು ಬಾಸ್ಟನ್, ಅಟ್ಲಾಂಟ, ಫಿಲಡೆಲ್ಫಿಯ ಮೊದಲಾದ ನಗರಗಳಿಗೂ, ಅರ್ಧ ಶತಮಾನದ ಮೇಲೆ ಕೆನಡ ದೇಶಕ್ಕೂ ಹಬ್ಬಿತು. ಇದಕ್ಕೆ ಸಮೀಪವಾದ ಒಂದು ವ್ಯವಸ್ಥೆಯು ನಮ್ಮ ದೇಶದಲ್ಲಿಯೂ ಕಾಣಿಸಿಕೊಂಡಿತು. ಈ ಕ್ರಮದ ಅಂಗಾಂಗಗಳು ಹೇಗೆ ಹೊಂದಿಸಲ್ಪಟ್ಟವು, ಕಾಲಾಂತರದಲ್ಲಿ ಅವುಗಳಲ್ಲಿ ಯಾವುದು ಉಳಿಯಿತು, ಯಾವುದು ಲೋಪವಾಯಿತು ಎಂಬುದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ.

ಮೊದಲು ಹೆಸರಿನ ವಿಷಯ. ಇಂಗ್ಲಿಷಿನಲ್ಲಿ ಇದಕ್ಕೆ ಕೋಆಪರೇಟಿವ್ ಪದ್ಧತಿಯೆಂದು ಹೆಸರು. ವಿದ್ಯಾರ್ಥಿಗಳ ಬಾಯಲ್ಲಿ ಅದು ಕೋ-ಆಪ್ ಎಂದು ಮೊಟಕಾಗಿದೆ. ಕನ್ನಡದಲ್ಲಿ ಇದನ್ನು 'ಸಹಕಾರ ಪದ್ಧತಿ'ಯೆಂದರೆ ಓದುವವರ ಮನಸ್ಸಿಗೆ ಸಾಲ ಕೊಡುವ ಸಂಘವೂ ಹಾಲಿನ ಸೊಸೈಟಿಯೂ ಬರುವುವು. ಕಾವ್ಯಪರಿಚಯವುಳ್ಳವರಿಗಾದರೋ ಮಾವಿನ ಮರವೇ ನೆನಪಾದೀತು! ಆದಕಾರಣ 'ಸಹಯೋಗ' ಎಂಬ ಶಬ್ದವನ್ನು ಇಲ್ಲಿ ಬಳಸಿದ್ದೇನೆ. ಆದರೂ 'ಸಹಕಾರಿ' ಎಂಬ ಮಾತಿಗೆ ತರ್ಕಶಾಸ್ತ್ರದಲ್ಲಿರುವ ಅರ್ಥವು ನಮ್ಮ ವಿಚಾರಕ್ಕೆ ಬಹಳ ಉಪಯುಕ್ತವಾಗಿದೆ. ಬೀಜವು ಮೊಳಕೆಗೆ ಕಾರಣ. ನೆಲ, ನೀರು, ಋತುಗಳು ಸಹಕಾರಿಗಳು. ಹಾಗಾದರೆ ಇಂಜಿನಿಯರನ ಉತ್ಪತ್ತಿಯಲ್ಲಿ ವಿದ್ಯಾಶಾಲೆ ಮುಖ್ಯಕಾರಣವೋ, ಕಾರಖಾನೆ ಮುಖ್ಯಕಾರಣವೋ? ಒಂದು ಮುಖ್ಯವಾದರೆ ಇನ್ನೊಂದು ಬರಿಯ ಸಹಕಾರಿಯೋ? ಈ ಪದ್ಧತಿಯ ನೂರು ವರ್ಷಗಳಿಗೂ ಮೀರಿದ ಚರಿತ್ರೆಯಲ್ಲಿ ನಡೆದ ವಾದವೆಲ್ಲವೂ ಈ ಒಂದು ಪ್ರಶ್ನೆಯ ಸುತ್ತಲೇ ಇದೆಯೆಂದು ನನ್ನ ಅಭಿಪ್ರಾಯ.

ಪ್ರಶ್ನೆಯು ಹೊಸದಲ್ಲ. ಸುಶ್ರುತಸಂಹಿತೆಯ ಸೂತ್ರಸ್ಥಾನದಲ್ಲಿ, ಶಾಸ್ತ್ರವನ್ನು ಮಾತ್ರ ಬಲ್ಲವನೂ ಕರ್ಮವನ್ನು ಮಾತ್ರ ಬಲ್ಲವನೂ ಇಬ್ಬರೂ ವೈದ್ಯವೃತ್ತಿಗೆ ಅಸಮರ್ಥರೆಂದು ಹೇಳಿ, ಶಸ್ತ್ರಕ್ರಿಯೆಯನ್ನು ಕಲಿಯುವ ಶಿಷ್ಯನು ಕುಂಬಳ, ಸೋರೆ ಮೊದಲಾದ ಕಾಯಿಗಳ ಮೇಲೆಯೂ ತೊಗಲಿನ ಚೀಲಗಳ ಮೇಲೆಯೂ ಕೈ ಪಳಗಿಸಿಕೊಳ್ಳಬೇಕೆಂದು ಒಂದು ಅಧ್ಯಾಯವನ್ನೇ ವಿನಿಯೋಗಿಸಿದೆ. ಎಲ್ಲವೂ ನಮ್ಮಲ್ಲಿ ಮೊದಲೇ ಇದ್ದಿತೆಂದು ಸಾಧಿಸುವ ಹಟದಿಂದ ಇದನ್ನು ಹೇಳುತ್ತಿಲ್ಲ. ಅಲ್ಲಿಯ ಅಭ್ಯಾಸವು ಗುರುವಿನ ಕಣ್ಣೆದುರಿಗೆ, ಕೃತಕ ವಸ್ತುಗಳ ಮೇಲೆ ನಡೆಯುವುದು. ಇಲ್ಲಿ ವಿಚಾರಿಸತಕ್ಕ ಪದ್ಧತಿಯಲ್ಲಿ ಅಭ್ಯಾಸವು ಗುರುವಿನ ಕಣ್ಣಿಗೆ ಮರೆಯಾಗಿ, ನಿಜವಾದ ವಸ್ತುಗಳ ಮೇಲೆ, ಅದೂ ಕೂಲಿಗಾಗಿ ನಡೆಯುವುದು. ಈ ಭೇದವನ್ನು ವಾಚಕರು ಮನಸ್ಸಿನಲ್ಲಿಡಬೇಕು.

ಹತ್ತೊಂಬತ್ತನೆಯ ಶತಮಾನದಲ್ಲಿ ಇಂಜಿನಿಯರಿಂಗ್ ಶಿಕ್ಷಣಕ್ಕೆ ಪಾಶ್ಚಾತ್ಯರು ಬೇರೆಬೇರೆ ದಾರಿಗಳನ್ನು ಹಿಡಿದಿದ್ದರು. ಫ್ರಾನ್ಸಿನಲ್ಲಿ ೧೭೯೪ರಲ್ಲಿ ಸ್ಥಾಪಿತವಾದ ಏಕೋಲ್ ಪಾಲಿಟೆಕ್ನಿಕ್ ಗಣಿತವನ್ನೂ ಭೌತಶಾಸ್ತ್ರವನ್ನೂ ಮೊದಲು ಬಲವಾಗಿ ಕಲಿಸಿ, ಅನಂತರ ಸೇತುವೆ, ರಸ್ತೆ, ಗಣಿಗಳ ವಿಶೇಷ ಶಾಲೆಗಳಿಗೆ ವಿದ್ಯಾರ್ಥಿಗಳನ್ನು ಕಳುಹಿಸುತ್ತಿತ್ತು. ಇಂಗ್ಲೆಂಡಿನಲ್ಲಿ ಇದಕ್ಕೆ ವಿಪರೀತ: ಹುಡುಗನು ಹಣ ತೆತ್ತು ಒಬ್ಬ ಇಂಜಿನಿಯರನ ಬಳಿ ಅಭ್ಯಾಸಿಯಾಗಿ ನಿಂತು, ನೋಡಿ ನೋಡಿ ಕಲಿಯುವನು. ಅಮೆರಿಕದಲ್ಲಿ ಎರಡು ಬಗೆಯವರೂ ಇದ್ದು, ಯಂತ್ರಾಗಾರದಲ್ಲಿ ಬೆಳೆದವರಿಗೂ ಕಾಲೇಜಿನಲ್ಲಿ ಬೆಳೆದವರಿಗೂ ಬಹುಕಾಲ ಸ್ಪರ್ಧೆ ನಡೆಯಿತು. ಮ್ಯಾಸಚೂಸೆಟ್ಸ್ ಸಂಸ್ಥಾನದ ವೂಸ್ಟರಿನಲ್ಲಿ ೧೮೬೮ರಲ್ಲಿ ತೆರೆದ ವಿದ್ಯಾಶಾಲೆಯವರು ಕಾಲೇಜಿನ ಆವರಣದಲ್ಲಿಯೇ ವಾಷ್‌ಬರ್ನ್ ಕಾರಖಾನೆಯನ್ನು ಕಟ್ಟಿ, ಅಲ್ಲಿ ತಯಾರಾದ ಪದಾರ್ಥಗಳನ್ನು ಮಾರುತ್ತಿದ್ದರು. ೧೮೭೬ರಲ್ಲಿ ಫಿಲಡೆಲ್ಫಿಯದಲ್ಲಿ ನಡೆದ ವಸ್ತುಪ್ರದರ್ಶನದಲ್ಲಿ ಮಾಸ್ಕೋ ನಗರದ ಇಂಪೀರಿಯಲ್ ತಾಂತ್ರಿಕ ಶಾಲೆಯವರು ವಿಕ್ಟರ್ ಡೆಲ್ಲ ವಾಸ್ ರೂಪಿಸಿದ ಇನ್ನೊಂದು ಕ್ರಮವನ್ನು ತೋರಿಸಿದರು. ಅದರಲ್ಲಿ ಮಾರುವ ಮಾತಿಲ್ಲ. ಅರ ಹಾಕುವುದು, ಬೆಸೆಯುವುದು, ಕಡೆಯುವುದು ಎಂದು ಕೌಶಲಗಳನ್ನು ಅಕ್ಷರಾಭ್ಯಾಸದಂತೆ ಬಿಡಿಬಿಡಿಯಾಗಿ ಮಾಡಿ, ಸುಲಭದಿಂದ ಕಠಿನಕ್ಕೆ ಪಾಠ ಹೇಳುವುದು. ಮ್ಯಾಸಚೂಸೆಟ್ಸ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯ ಅಧ್ಯಕ್ಷರಾಗಿದ್ದ ಜಾನ್ ರಂಕಲ್ ಇದನ್ನು ಕಂಡು ಮೆಚ್ಚಿ ತಮ್ಮಲ್ಲಿ ತಂದರು. ಹೀಗೆ ಶತಮಾನವು ಮುಗಿಯುವಷ್ಟರಲ್ಲಿ ಅಮೆರಿಕದ ಕಾಲೇಜುಗಳಲ್ಲಿ ಪಾಠಶಾಲೆಯ ಪಕ್ಕದಲ್ಲಿ ಒಂದು ಸಣ್ಣ ಯಂತ್ರಾಗಾರವಿರುವುದು ವಾಡಿಕೆಯಾಯಿತು. ಕಾರಖಾನೆಯನ್ನು ಶಾಲೆಯೊಳಕ್ಕೆ ತರುವ ಪ್ರಯತ್ನ ಇದು. ವಿದ್ಯಾರ್ಥಿಯನ್ನೇ ಕಾರಖಾನೆಗೆ ಕಳುಹಿಸುವ ಆಲೋಚನೆ ಇನ್ನೂ ಹುಟ್ಟಿರಲಿಲ್ಲ.

ಆ ಆಲೋಚನೆಯನ್ನು ಆಚರಣೆಗೆ ತಂದವರು ಹರ್ಮನ್ ಷ್ನೈಡರ್. ೧೮೭೨ರಲ್ಲಿ ಪೆನ್ಸಿಲ್ವೇನಿಯದ ಸಮ್ಮಿಟ್ ಹಿಲ್ ಎಂಬ ಕಲ್ಲಿದ್ದಲ ಗಣಿಯ ಊರಿನಲ್ಲಿ ಹುಟ್ಟಿದ ಇವರು ಲೀಹೈ ವಿಶ್ವವಿದ್ಯಾನಿಲಯದಲ್ಲಿ ಓದಿ ೧೮೯೪ರಲ್ಲಿ ಪದವೀಧರರಾದರು. ಕೆಲಕಾಲ ಕಟ್ಟಡಗಳ ಕೆಲಸದಲ್ಲಿಯೂ ರೈಲ್ವೆಯ ಸೇತುವೆಗಳ ಕೆಲಸದಲ್ಲಿಯೂ ಇದ್ದು, ೧೮೯೯ರಲ್ಲಿ ಅಧ್ಯಾಪಕರಾಗಿ ಲೀಹೈಗೇ ಹಿಂತಿರುಗಿದರು. ಒಂದು ಸಂಜೆ ಕಾಲೇಜಿನ ಆವರಣದಲ್ಲಿ ನಡೆಯುತ್ತಿರುವಾಗ ಪಕ್ಕದ ಬೆತ್ಲೆಹೆಮ್ ಉಕ್ಕಿನ ಕಾರಖಾನೆಯ ಬೆಸ್ಸೆಮರ್ ಕುಲುಮೆಯು ಧಗ್ಗೆಂದು ಉರಿದುದನ್ನು ಕಂಡು, ಇಷ್ಟು ದೊಡ್ಡ ಪ್ರಯೋಗಶಾಲೆಯು ಬೇಲಿಯ ಆಚೆಗೇ ಇರುವಾಗ ಈಚೆಗೆ ಆಟಿಗೆಯಂಥ ಯಂತ್ರಾಗಾರವೇಕೆ ಎಂದು ಇವರಿಗೆ ಹೊಳೆಯಿತೆಂಬ ಐತಿಹ್ಯವುಂಟು. ಮಹಾಪುರುಷರ ಚರಿತ್ರೆಗಳಲ್ಲಿ ಇಂಥ ಸಂಜೆಗಳು ತಪ್ಪದೆ ಬರುತ್ತವೆ. ಇದಕ್ಕಿಂತ ನಂಬಿಕೆಗೆ ಯೋಗ್ಯವಾದುದು ಇವರು ನಡೆಸಿದ ವಿಚಾರಣೆ: ಲೀಹೈಯ ಹಳೆಯ ವಿದ್ಯಾರ್ಥಿಗಳಲ್ಲಿ ವೃತ್ತಿಯಲ್ಲಿ ಮುಂದೆ ಬಂದವರು ಯಾರುಯಾರೆಂದು ನೋಡಲಾಗಿ, ಅವರಲ್ಲಿ ಅನೇಕರು ಓದುತ್ತಿದ್ದಾಗಲೇ ಬಡತನದ ದೆಸೆಯಿಂದಲೋ ಸ್ವಂತ ಇಚ್ಛೆಯಿಂದಲೋ ದುಡಿದವರಾಗಿದ್ದರು. ಹಾಗಾದರೆ ಆಕಸ್ಮಿಕವಾಗಿ ಕೆಲವರಿಗೆ ದೊರೆತ ಲಾಭವನ್ನು ಎಲ್ಲರಿಗೂ ವಿಧಿಯಾಗಿ ಏಕೆ ಒದಗಿಸಬಾರದು? ಲೀಹೈಯಲ್ಲಿ ಈ ಮಾತಿಗೆ ಮನ್ನಣೆ ದೊರೆಯಲಿಲ್ಲ. ೧೯೦೩ರಲ್ಲಿ ಇವರು ಸಿನ್ಸಿನ್ನಾಟಿ ವಿಶ್ವವಿದ್ಯಾನಿಲಯಕ್ಕೆ ಬಂದರು.

ಸ್ಥಳಬಲವು ಇಲ್ಲಿ ಅನುಕೂಲವಾಯಿತು. ಯಂತ್ರಗಳನ್ನು ಮಾಡುವ ಯಂತ್ರಗಳು, ಎಂದರೆ ಲೇತು, ಮಿಲ್ಲಿಂಗ್ ಯಂತ್ರ ಮೊದಲಾದವು, ತಯಾರಾಗುವ ಅಮೆರಿಕದ ಮುಖ್ಯ ಕೇಂದ್ರಗಳಲ್ಲಿ ಸಿನ್ಸಿನ್ನಾಟಿ ಒಂದು. ವಿಶ್ವವಿದ್ಯಾನಿಲಯವು ನಗರಸಭೆಯ ಆಶ್ರಯದಲ್ಲಿದ್ದು ಊರಿನ ಕೈಗಾರಿಕೆಗೂ ಅದಕ್ಕೂ ದೂರವಿರಲಿಲ್ಲ. ಸಿನ್ಸಿನ್ನಾಟಿ ಮಿಲ್ಲಿಂಗ್ ಮೆಷೀನ್ ಕಂಪೆನಿಯ ಫ್ರೆಡರಿಕ್ ಗೈಯರ್ ಮೊದಲಾದ ಯಜಮಾನರು ಷ್ನೈಡರರ ಬೆಂಬಲಕ್ಕೆ ನಿಂತರು. ಇಷ್ಟಾದರೂ ವಿಶ್ವವಿದ್ಯಾನಿಲಯದ ಆಡಳಿತ ಮಂಡಲಿಯವರು ಒಂದು ವರ್ಷದ ಪರೀಕ್ಷಾರ್ಥವಾಗಿ ಮಾತ್ರ ಅನುಮತಿಯನ್ನಿತ್ತು, ಕಾರ್ಯವು ಕೆಟ್ಟರೆ ಹೊಣೆ ತಮ್ಮದಲ್ಲವೆಂಬ ಭಾವವನ್ನೂ ಜೊತೆಗೇ ಸೂಚಿಸಿಟ್ಟರು. ೧೯೦೬ರ ಶರತ್ಕಾಲದಲ್ಲಿ ೨೭ ಮಂದಿ ವಿದ್ಯಾರ್ಥಿಗಳೊಡನೆ ಪ್ರಯೋಗವು ಮೊದಲಾಯಿತು. ಷ್ನೈಡರ್ ಅದೇ ವರ್ಷ ಇಂಜಿನಿಯರಿಂಗ್ ಕಾಲೇಜಿನ ಡೀನ್ ಆದರು.

ಮೂಲದ ವ್ಯವಸ್ಥೆಯನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕಾಗಿದೆ. ಮುಂದಿನ ವಿಕಾರಗಳು ತಿಳಿಯಬೇಕಾದರೆ ಮೂಲಪಾಠವು ತಿಳಿದಿರಬೇಕಷ್ಟೆ. ನಾಲ್ಕು ವರ್ಷಗಳ ವ್ಯಾಸಂಗವನ್ನು ಆರು ವರ್ಷಗಳಿಗೆ ಹಿಗ್ಗಿಸಲಾಯಿತು. ವಿದ್ಯಾರ್ಥಿಗಳನ್ನು ಎರಡು ಪಂಗಡ ಮಾಡಿ, ಇಬ್ಬಿಬ್ಬರನ್ನು ಜೊತೆಗೂಡಿಸಿ, ಕಾರಖಾನೆಯ ಒಂದೇ ಸ್ಥಾನವನ್ನು ಆ ಇಬ್ಬರಿಗೂ ಕೊಡಲಾಯಿತು. ಈ ವಾರ ಒಬ್ಬನು ತರಗತಿಯಲ್ಲಿದ್ದರೆ ಅವನ ಜೊತೆಗಾರನು ಯಂತ್ರದ ಮುಂದೆ ಇರುವನು. ಮುಂದಿನ ವಾರ ಅದಲುಬದಲು. ಹೀಗಾಗಿ ಯಜಮಾನನ ಯಂತ್ರವು ಒಂದು ದಿನವೂ ಬರಿದಾಗಿ ನಿಲ್ಲುವುದಿಲ್ಲ. ಕಾಲೇಜಿನ ತರಗತಿಯೂ ಬರಿದಾಗುವುದಿಲ್ಲ. ಕೆಲಸವು ಆಟದ ಕೆಲಸವಲ್ಲ, ಗಂಟೆಗೆ ಇಷ್ಟೆಂದು ಕೂಲಿ ಸಲ್ಲುವ ಕೆಲಸ. ಯಾವ ವರ್ಷ ಯಾವ ವಿಭಾಗದಲ್ಲಿರಬೇಕೆಂಬುದನ್ನು ಕಾಲೇಜೂ ಕಂಪೆನಿಯೂ ಸೇರಿ ಮೊದಲೇ ಗೊತ್ತುಮಾಡುತ್ತಿದ್ದವು. ಉದಾಹರಣೆಗೆ, ಬುಲಕ್ ವಿದ್ಯುದ್ಯಂತ್ರ ಕಂಪೆನಿಗೆ ಹೋಗುವ ವಿದ್ಯಾರ್ಥಿಯು ಮೊದಲ ವರ್ಷವೆಲ್ಲ ಎರಕದ ಮನೆಯಲ್ಲಿಯೂ, ಮುಂದಿನ ಒಂದೂವರೆ ವರ್ಷ ಯಂತ್ರಾಗಾರದಲ್ಲಿಯೂ, ಆಮೇಲಿನ ಎರಡು ವರ್ಷ ತಂತಿ ಸುತ್ತುವ, ಜೋಡಿಸುವ, ಪರೀಕ್ಷಿಸುವ ವಿಭಾಗಗಳಲ್ಲಿಯೂ ಇದ್ದು, ಉಳಿದ ಕಾಲವನ್ನು ನಕ್ಷೆಯ ಕಚೇರಿಯಲ್ಲಿಯೂ ಮಾರಾಟದ ಕಚೇರಿಯಲ್ಲಿಯೂ ಕಳೆಯಬೇಕಾಗಿತ್ತು. ಕರಗಿದ ಕಬ್ಬಿಣದಿಂದ ಹಿಡಿದು ಗಿರಾಕಿಯ ಕೈಸೇರುವವರೆಗೆ ಒಂದು ವಸ್ತುವಿನ ಸಮಗ್ರ ಜನ್ಮವೃತ್ತಾಂತವನ್ನು ವಿದ್ಯಾರ್ಥಿಯು ತನ್ನ ಮೈಯ ಶ್ರಮದಿಂದಲೇ ಓದಿಕೊಳ್ಳುತ್ತಿದ್ದನೆನ್ನಬಹುದು.

ಆದರೆ ಈ ವ್ಯವಸ್ಥೆಯ ಜೀವವು ವಾರದ ಸರದಿಯಲ್ಲಿಯೂ ಇರಲಿಲ್ಲ, ಕೂಲಿಯಲ್ಲಿಯೂ ಇರಲಿಲ್ಲ. ಅದಿದ್ದುದು 'ಸಂಯೋಜಕ'ನೆಂಬ ಒಬ್ಬ ಹೊಸ ಬಗೆಯ ಅಧ್ಯಾಪಕನಲ್ಲಿ. ಇವನು ಅರ್ಧ ದಿನ ಕಾಲೇಜಿನಲ್ಲಿಯೂ ಅರ್ಧ ದಿನ ಕಾರಖಾನೆಗಳಲ್ಲಿಯೂ ಇರುವನು. ಇಂದು ಎರಕದ ಮನೆಯಲ್ಲಿ ವಿದ್ಯಾರ್ಥಿಯು ಏನು ಮಾಡುತ್ತಿದ್ದಾನೆಂದು ನಿಂತು ನೋಡುವನು. ಮುಂದಿನ ವಾರ ಆ ವಿದ್ಯಾರ್ಥಿಯು ತರಗತಿಗೆ ಬಂದಾಗ, ಆ ಎರಕವೇಕೆ ಬಿರುಕುಬಿಟ್ಟಿತು, ಆ ಪಟ್ಟಿಯೇಕೆ ಜಾರಿತು, ಮೇಸ್ತ್ರಿಯು ಹೇಳಿದುದಕ್ಕೆ ಕಾರಣವೇನು ಎಂದು ಪ್ರಶ್ನಿಸಿ, ಅದನ್ನು ಗಣಿತಕ್ಕೂ ಪದಾರ್ಥವಿಜ್ಞಾನಕ್ಕೂ ಕೂಡಿಸಿ ವಿವರಿಸುವನು. ನಮ್ಮ ಪರಿಭಾಷೆಯಲ್ಲಿ ಹೇಳುವುದಾದರೆ, ಕಾರಖಾನೆಯು ಲಕ್ಷ್ಯ, ಪಾಠವು ಲಕ್ಷಣ. ಸಂಯೋಜಕನು ಲಕ್ಷ್ಯಲಕ್ಷಣಗಳ ಸಮನ್ವಯವನ್ನು ಮಾಡುವ ವ್ಯಾಖ್ಯಾನಕಾರ. ವ್ಯಾಖ್ಯಾನವಿಲ್ಲದೆ ಸೂತ್ರವೂ ಉದಾಹರಣೆಯೂ ಎದುರುಬದುರು ನಿಂತರೂ ಒಂದನ್ನೊಂದು ಗುರುತಿಸುವುದಿಲ್ಲವೆಂಬುದು ವ್ಯಾಕರಣವನ್ನು ಪಾಠ ಹೇಳಿದವರಿಗೆಲ್ಲ ಅನುಭವಸಿದ್ಧ.

ಆಕ್ಷೇಪಗಳೂ ಬಂದವು. ವಿಶ್ವವಿದ್ಯಾನಿಲಯವು ಕೈಕಸುಬಿನ ಶಾಲೆಯಾಗುವುದೆಂದು ಕೆಲವರು ಪ್ರಾಧ್ಯಾಪಕರು ಅಂಜಿದರು. ವಾರ ಬಿಟ್ಟು ವಾರ ಬರುವವನಿಗೆ ಗಣಿತದ ಧಾರೆಯು ಕಡಿಯುವುದೆಂದರು. ಎರಡನೆಯ ಆಕ್ಷೇಪದಲ್ಲಿ ಸತ್ಯಾಂಶವಿತ್ತು. ಷ್ನೈಡರರ ಉತ್ತರವು ಗಮನಾರ್ಹವಾದುದು: ಕಾಲೇಜು ತನ್ನ ಹಣದಲ್ಲಿ ಎಂಥ ಯಂತ್ರಾಗಾರವನ್ನು ಕಟ್ಟಿದರೂ ಕೆಲವು ವರ್ಷಗಳಲ್ಲಿ ಅದು ಹಳತಾಗುವುದು, ಕೈಗಾರಿಕೆಯ ಯಂತ್ರವು ಸ್ಪರ್ಧೆಯ ದೆಸೆಯಿಂದ ತಾನೇ ಹೊಸತಾಗುತ್ತಿರುವುದು, ಮೇಲಾಗಿ ಕೂಲಿಗಾರರ ನಡುವೆ ನಿಂತು ದುಡಿಯುವುದರಿಂದ ಬರುವ ಲೋಕಜ್ಞಾನವನ್ನು ಯಾವ ಕಾಲೇಜೂ ಕೊಡಲಾರದು. ವಿದ್ಯಾರ್ಥಿಯ ಸ್ವಭಾವವನ್ನು ಅರಿಯುವುದಕ್ಕೂ ಕಾರಖಾನೆಯೇ ನಿಕಷವೆಂದು ಭಾವಿಸಿ, ಒಳಗೆ ಕುಳಿತು ಮಾಡುವವನು, ಹೊರಗೆ ತಿರುಗಿ ಮಾಡುವವನು ಎಂಬಂಥ ವಿರುದ್ಧ ಗುಣಗಳ ಜೋಡಿಗಳಿಂದ ಅವರು ಮನುಷ್ಯರನ್ನು ವಿಂಗಡಿಸಲೂ ಹೊರಟರು. ಈ ವಿಂಗಡಣೆಯು ನನಗೆ ಅಷ್ಟಾಗಿ ಹಿಡಿಸದು. ಇಪ್ಪತ್ತು ವರ್ಷದ ಹುಡುಗನ ಸ್ವಭಾವವು ಎರಕದ ಅಚ್ಚಿನಲ್ಲಿ ಹೊಯ್ದಂತೆ ನಿಂತುಬಿಟ್ಟಿರುವುದಿಲ್ಲ. ೧೯೨೮ರಿಂದ ೧೯೩೨ರವರೆಗೆ ವಿಶ್ವವಿದ್ಯಾನಿಲಯದ ಅಧ್ಯಕ್ಷರೂ ಆಗಿದ್ದು, ಷ್ನೈಡರ್ ೧೯೩೯ರಲ್ಲಿ ಕಾಲವಾದರು.

ಪ್ರಸಾರದ ವಿಷಯವನ್ನು ಸಂಕ್ಷೇಪವಾಗಿ ಹೇಳಿದರೆ ಸಾಕು. ೧೯೦೮ರಲ್ಲಿ ಮ್ಯಾಸಚೂಸೆಟ್ಸಿನ ಫಿಚ್‌ಬರ್ಗ್ ಊರಿನವರು ಇದನ್ನು ಪ್ರೌಢಶಾಲೆಯ ಮಟ್ಟಕ್ಕೆ ಇಳಿಸಿಕೊಂಡರು. ಅಲ್ಲಿ ಶನಿವಾರದ ದಿನ ಶಾಲೆಯ ಹುಡುಗನು ಕಾರಖಾನೆಗೆ ಹೋಗಿ, ತನ್ನ ಜೊತೆಗಾರನು ಕೆಲಸವನ್ನು ಎಲ್ಲಿಗೆ ತಂದಿದ್ದಾನೆಂದು ಕೇಳಿಕೊಂಡು, ಸೋಮವಾರ ಅಲ್ಲಿಂದಲೇ ಮುಂದುವರಿಸುವ ಅಂದವಾದ ಏರ್ಪಾಡಿತ್ತು. ೧೯೦೯ರಲ್ಲಿ, ಈಗ ನಾರ್ತ್‌ಈಸ್ಟರ್ನ್ ವಿಶ್ವವಿದ್ಯಾನಿಲಯವೆಂದು ಹೆಸರಾಗಿರುವ ಬಾಸ್ಟನ್ ಸಂಸ್ಥೆಯು ೮ ವಿದ್ಯಾರ್ಥಿಗಳೊಡನೆಯೂ, ೧೯೧೨ರಲ್ಲಿ ಅಟ್ಲಾಂಟದ ಜಾರ್ಜಿಯ ಟೆಕ್ ಸಂಸ್ಥೆಯೂ, ೧೯೧೯ರಲ್ಲಿ ಫಿಲಡೆಲ್ಫಿಯದ ಡ್ರೆಕ್ಸೆಲ್ ಸಂಸ್ಥೆಯೂ ಈ ಮಾರ್ಗವನ್ನು ಹಿಡಿದವು. ಒಹಾಯೋ ಸಂಸ್ಥಾನದ ಆಂಟಿಯಾಕ್ ಕಾಲೇಜು ೧೯೨೧ರಲ್ಲಿ ಆರ್ಥರ್ ಮಾರ್ಗನ್ನರ ನೇತೃತ್ವದಲ್ಲಿ ಇದನ್ನು ಸಾಹಿತ್ಯ, ಚರಿತ್ರೆ ಮೊದಲಾದ ವಿಷಯಗಳನ್ನು ಓದುವವರಿಗೂ ಅನ್ವಯಿಸಿತು.

ಈ ಪ್ರಸಾರಕ್ಕಿಂತ ಮುಖ್ಯವಾದ ಬದಲಾವಣೆಯೊಂದು ಸಿನ್ಸಿನ್ನಾಟಿಯಲ್ಲಿಯೇ ನಡೆಯುತ್ತಿತ್ತು. ಒಂದು ವಾರದ ಸರದಿಯು ಎರಡು ವಾರವಾಯಿತು, ಎರಡು ನಾಲ್ಕಾಯಿತು, ನಾಲ್ಕು ಏಳಾಯಿತು, ಕಡೆಗೆ ವರ್ಷದ ಕಾಲು ಭಾಗವೇ ಒಂದು ಸರದಿಯಾಯಿತು. ೨೦೧೨ರಲ್ಲಿ ವಿಶ್ವವಿದ್ಯಾನಿಲಯವು ಸೆಮಿಸ್ಟರ್ ಕ್ರಮಕ್ಕೆ ತಿರುಗಿದ ಮೇಲೆ ಅರೆವರ್ಷದ ಅವಧಿಯೇ ಸರದಿಯ ಅಳತೆಯಾಗಿದೆ. ಆರು ವರ್ಷದ ವ್ಯಾಸಂಗವು ಐದಕ್ಕೆ ಇಳಿದುದೂ ಈ ನಡುವೆಯೇ. ಸರದಿಯು ಉದ್ದವಾದುದಕ್ಕೆ ಕಾರಣಗಳು ಸ್ಪಷ್ಟವಾಗಿವೆ. ದೂರದ ಊರಿನ ಕಾರಖಾನೆಗೆ ವಾರವಾರವೂ ಹೋಗಿಬರುವುದು ಅಸಾಧ್ಯ. ಊರಿನ ಹೊರಗೂ ಕೆಲಸ ಹುಡುಕಬೇಕಾದರೆ ಸರದಿಯು ಬೆಳೆಯಲೇಬೇಕು. ಕೆಲಸವೂ ಲೇತಿನ ಮುಂದಿನ ಕೂಲಿಯಿಂದ ನಕ್ಷೆ, ಲೆಕ್ಕ, ಶೋಧನೆಗಳ ಕಡೆಗೆ ತಿರುಗಿದಂತೆ ಒಂದು ವಾರದಲ್ಲಿ ಯಾವುದೂ ಮುಗಿಯದಾಯಿತು. ಗಣಿತದ ಧಾರೆಯ ಆಕ್ಷೇಪಕ್ಕೂ ಇದರಿಂದ ಸಮಾಧಾನವಾಯಿತು. ಆದರೆ ಇದರ ಫಲವಾಗಿ ಸಂಯೋಜಕನ ವ್ಯಾಖ್ಯಾನಕ್ಕೆ ಅವಕಾಶ ತಪ್ಪಿತು. ಕಳೆದ ವಾರ ಬಿರುಕುಬಿಟ್ಟ ಎರಕವನ್ನು ಈ ವಾರ ವಿವರಿಸಬಹುದು; ನಾಲ್ಕು ತಿಂಗಳ ಹಿಂದೆ, ಇನ್ನೂರು ಮೈಲಿ ದೂರದಲ್ಲಿ, ನಲವತ್ತು ವಿದ್ಯಾರ್ಥಿಗಳು ನಲವತ್ತು ಕಡೆ ಕಂಡುದನ್ನು ಯಾವ ತರಗತಿಯಲ್ಲಿ ವಿವರಿಸುವುದು? ಸಂಯೋಜಕನು ಕ್ರಮೇಣ ಕೆಲಸ ಹುಡುಕಿಕೊಡುವ ಅಧಿಕಾರಿಯಾದನು. ೧೯೨೯ರ ಆರ್ಥಿಕ ಕುಸಿತದ ತರುವಾಯ ಕಾರಖಾನೆಗಳಲ್ಲಿ ಸ್ಥಾನವೇ ದೊರೆಯದಾದಾಗ ಅವನಿಗೆ ಇದೇ ಮುಖ್ಯ ಕಾರ್ಯವಾದುದು ಆಶ್ಚರ್ಯವಲ್ಲ.

ಇಂಗ್ಲೆಂಡಿನ ಸಂಡರ್‌ಲೆಂಡ್ ತಾಂತ್ರಿಕ ಕಾಲೇಜಿನಲ್ಲಿ ೧೯೦೩ರಲ್ಲಿಯೇ, ಎಂದರೆ ಸಿನ್ಸಿನ್ನಾಟಿಗೆ ಮೂರು ವರ್ಷ ಮೊದಲೇ, ವರ್ಷದ ಒಂದು ಭಾಗ ಕಾಲೇಜು, ಒಂದು ಭಾಗ ಕಾರಖಾನೆ ಎಂಬ ಕ್ರಮವಿತ್ತು. ಕಾಲದ ಪ್ರಾಥಮ್ಯವನ್ನು ಅದಕ್ಕೆ ಕೊಡುವುದು ನ್ಯಾಯ; ವಾರದ ಸರದಿಯೂ ಸಂಯೋಜಕನೂ ಮಾತ್ರ ಸಿನ್ಸಿನ್ನಾಟಿಯ ವಿಶೇಷಗಳು. ಆಂಗ್ಲರು ಎರಡು ಹೋಳು ರೊಟ್ಟಿಯ ನಡುವೆ ಪಲ್ಯವನ್ನಿಟ್ಟ ತಿಂಡಿಯ ಹೆಸರಿನಿಂದ ಇದನ್ನು 'ಸ್ಯಾಂಡ್‌ವಿಚ್' ವ್ಯಾಸಂಗವೆಂದು ಕರೆದರು. ಆರಾರು ತಿಂಗಳು ಬದಲಾಯಿಸುವುದಕ್ಕೆ ತೆಳುವೆಂದೂ, ನಡುವೆ ಒಂದು ಇಡೀ ವರ್ಷವನ್ನು ಕಾರಖಾನೆಯಲ್ಲಿ ಕಳೆಯುವುದಕ್ಕೆ ದಪ್ಪವೆಂದೂ ವಿಶೇಷಣಗಳನ್ನು ಹಚ್ಚಿದರು. ಅಲ್ಲಿಯ ವಿದ್ಯಾರ್ಥಿಗಳಲ್ಲಿ ಎರಡು ವರ್ಗ: ಕಂಪೆನಿಯವರೇ ಆರಿಸಿ ಕಾಲೇಜಿಗೆ ಕಳುಹಿಸಿದವರು, ಕಾಲೇಜಿನವರು ಆರಿಸಿ ಕಂಪೆನಿಗೆ ಕಳುಹಿಸಿದವರು. ಯಾವುದು ಮುಖ್ಯಕಾರಣ, ಯಾವುದು ಸಹಕಾರಿ ಎಂಬ ನಮ್ಮ ಪ್ರಶ್ನೆಗೆ ಆಂಗ್ಲರು ಒಂದೇ ಬೆಂಚಿನ ಮೇಲೆ ಎರಡು ಉತ್ತರಗಳನ್ನೂ ಕುಳ್ಳಿರಿಸಿದಂತಾಯಿತು.

ದೀರ್ಘಾವಧಿಯ ಸರದಿಯು ಪೂರ್ಣ ಸ್ವರೂಪವನ್ನು ತಾಳಿದುದು ಕೆನಡದ ಆಂಟೇರಿಯೊ ಪ್ರಾಂತದ ವಾಟರ್ಲೂ ಊರಿನಲ್ಲಿ. ಬಿ. ಎಫ್. ಗುಡ್‌ರಿಚ್ ರಬ್ಬರ್ ಕಂಪೆನಿಯ ಕೆನಡ ಶಾಖೆಯ ಅಧ್ಯಕ್ಷರಾಗಿದ್ದ ಐರಾ ನೀಡಲ್ಸ್ ೧೯೫೬ರಲ್ಲಿ ಅಲ್ಲಿಯ ರೋಟರಿ ಸಂಘದಲ್ಲಿ ಭಾಷಣ ಮಾಡಿ, ದೇಶಕ್ಕೆ ಒಂದೂವರೆ ಲಕ್ಷ ಇಂಜಿನಿಯರರು ಬೇಕಾಗಿರುವರೆಂದೂ, ರೂಢಿಯ ಕಾಲೇಜುಗಳಿಂದ ಅದು ಸಾಗದೆಂದೂ, ಸಹಯೋಗ ಪದ್ಧತಿಯೇ ಮಾರ್ಗವೆಂದೂ ವಾದಿಸಿದರು. ೧೯೫೭ರ ಜುಲೈಯಲ್ಲಿ ಜೆರಾಲ್ಡ್ ಹೇಗಿಯವರ ನೇತೃತ್ವದಲ್ಲಿ ಮೊದಲ ತರಗತಿಯು ಕೂಡಿತು. ೧೯೫೯ರಲ್ಲಿ ವಿಶ್ವವಿದ್ಯಾನಿಲಯಕ್ಕೆ ಶಾಸನವಾಯಿತು. ಮೊದಲು ಮೂರು ಮೂರು ತಿಂಗಳ ಸರದಿಯಿದ್ದು, ಅನಂತರ ನಾಲ್ಕು ನಾಲ್ಕು ತಿಂಗಳಾಯಿತು.

ಇಂದಿನ ವಾಟರ್ಲೂ ಇಂಜಿನಿಯರಿಂಗ್ ಪದವಿಯ ಲೆಕ್ಕ ಹೀಗಿದೆ: ವ್ಯಾಸಂಗದ ಅವಧಿಗಳು ೮, ಕೆಲಸದ ಅವಧಿಗಳು ೬, ಒಂದೊಂದೂ ನಾಲ್ಕು ತಿಂಗಳು, ಒಟ್ಟು ೫೬ ತಿಂಗಳು, ಎಂದರೆ ನಾಲ್ಕು ವರ್ಷ ಎಂಟು ತಿಂಗಳು. ಕೆಲಸದ ಅವಧಿಗಳಲ್ಲಿ ಕನಿಷ್ಠ ೫ ಸಫಲವಾಗದೆ ಪದವಿಯಿಲ್ಲ. ವಿದ್ಯಾರ್ಥಿಗಳಲ್ಲಿ ಎರಡು ಪಂಗಡಗಳುಂಟು: ಒಂದು ನಾಲ್ಕು ತಿಂಗಳ ಓದಿನ ಮೇಲೆಯೇ ಕೆಲಸಕ್ಕೆ ಹೊರಡುವುದು, ಇನ್ನೊಂದು ಎಂಟು ತಿಂಗಳ ಓದಿನ ಮೇಲೆ. ಒಂದು ಪಂಗಡವು ಹೊರಗಿರುವಾಗ ಇನ್ನೊಂದು ಒಳಗಿರುವುದರಿಂದ ಯಜಮಾನರಿಗೆ ವರ್ಷವೆಲ್ಲ ವಿದ್ಯಾರ್ಥಿಗಳು ದೊರೆಯುವರು, ಕಾಲೇಜಿನ ಕೊಠಡಿಗಳೂ ಬೇಸಗೆಯಲ್ಲಿ ಬೀಗ ಕಾಣುವುದಿಲ್ಲ. ಸಿನ್ಸಿನ್ನಾಟಿಯ ಒಂದು ಲೇತಿನ ಮುಂದೆ ಇಬ್ಬರು ವಿದ್ಯಾರ್ಥಿಗಳು ಸರದಿ ನಿಂತ ನ್ಯಾಯವೇ ಇಲ್ಲಿ ಇಡೀ ವಿಶ್ವವಿದ್ಯಾನಿಲಯದ ಪ್ರಮಾಣಕ್ಕೆ ಬೆಳೆದುನಿಂತಿರುವುದನ್ನು ವಾಚಕರು ಗುರುತಿಸಬಹುದು. ಸಂಯೋಜಕನ ವ್ಯಾಖ್ಯಾನದ ಸ್ಥಾನದಲ್ಲಿ ಇಲ್ಲಿ ನಿಂತಿರುವುದು ಬರವಣಿಗೆ: ವಿದ್ಯಾರ್ಥಿಯು ತನ್ನ ಕೆಲಸವನ್ನು ಕುರಿತು ವರದಿ ಬರೆಯಬೇಕು, ಯಜಮಾನನು ವಿದ್ಯಾರ್ಥಿಯನ್ನು ಕುರಿತು ಮೌಲ್ಯನಿರ್ಣಯ ಬರೆಯಬೇಕು. ವರದಿಯು ಒಳ್ಳೆಯ ಸಾಧನವೇ ಸರಿ. ಆದರೆ ಅದು ಕಂಡವನು ತಾನು ಕಂಡುದನ್ನು ಹೇಳುವ ಮಾತು. ಕಂಡೂ ಕಾಣದೆ ಬಿಟ್ಟುದನ್ನು ಕೇಳುವುದಕ್ಕೆ ಮತ್ತೊಬ್ಬನು ಬೇಕು.

ನಮ್ಮ ದೇಶದಲ್ಲಿ ಆ ಮತ್ತೊಬ್ಬನನ್ನು ಮರಳಿ ಕಾರಖಾನೆಗೆ ಕಳುಹಿಸಿದ ಉದಾಹರಣೆಯು ರಾಜಸ್ಥಾನದ ಪಿಲಾನಿಯಲ್ಲಿ ದೊರೆಯುತ್ತದೆ. ಅಲ್ಲಿಯ ಬಿರ್ಲಾ ತಂತ್ರಜ್ಞಾನ ಮತ್ತು ವಿಜ್ಞಾನ ಸಂಸ್ಥೆಯಲ್ಲಿ ಸಿ. ಆರ್. ಮಿತ್ರ ಅವರು ನಿರ್ದೇಶಕರಾಗಿದ್ದಾಗ, ೧೯೭೩ರಲ್ಲಿ, 'ಪ್ರಾಕ್ಟಿಸ್ ಸ್ಕೂಲ್' ಎಂಬ ವ್ಯವಸ್ಥೆಯು ಮೊದಲಾಯಿತು. ಇದರಲ್ಲಿ ಸರದಿಯು ಪದೇ ಪದೇ ಬರುವುದಿಲ್ಲ. ಎರಡನೆಯ ವರ್ಷದ ಬೇಸಗೆಯಲ್ಲಿ ಎರಡು ತಿಂಗಳು, ಕಡೆಯ ವರ್ಷದಲ್ಲಿ ಐದೂವರೆ ತಿಂಗಳು, ಇಷ್ಟೇ. ಆದಕಾರಣ ಶುದ್ಧವಾದ ಸಹಯೋಗ ಪದ್ಧತಿಯೆಂದು ಇದನ್ನು ಕರೆಯಲಾಗದು. ಆದರೆ ಕಾರಖಾನೆಯಲ್ಲಿ ನಡೆಯುವುದೂ ಪಾಠವೇ ಎಂದು ಒಪ್ಪಿ, ಸಂಸ್ಥೆಯ ಅಧ್ಯಾಪಕರನ್ನೇ ಆ ಸ್ಥಳಗಳಿಗೆ ನೇಮಿಸಿ, ಪ್ರಶ್ನೋತ್ತರ, ಗೋಷ್ಠಿ, ಉಪನ್ಯಾಸ, ವರದಿಗಳ ಮೂಲಕ ಅಲ್ಲಿಯೇ ಅಂಕಗಳನ್ನು ಕೊಡುವ ಏರ್ಪಾಡು ಇದರಲ್ಲಿತ್ತು. ಷ್ನೈಡರರ ಸಂಯೋಜಕನು ಅರ್ಧ ದಿನದ ಮೇಲೆ ಕಾಲೇಜಿಗೆ ಹಿಂತಿರುಗುತ್ತಿದ್ದನು. ಪಿಲಾನಿಯ ಅಧ್ಯಾಪಕನು ತನ್ನ ಕಾಲೇಜನ್ನು ನೂರಾರು ಮೈಲಿ ಹಿಂದೆ ಬಿಟ್ಟು, ವಿದ್ಯಾರ್ಥಿಗಳಿದ್ದ ಕಾರಖಾನೆಯ ಬಳಿಯಲ್ಲಿಯೇ ಇರಬೇಕಾಯಿತು.

ನಮ್ಮ ಕರ್ನಾಟಕದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾನಿಲಯದ ಪಠ್ಯಕ್ರಮದಲ್ಲಿಯೂ ಇಂಟರ್ನ್‌ಷಿಪ್ ಎಂಬ ಹೆಸರಿನಿಂದ ಹೊರಗಣ ಕೆಲಸವು ಈಗ ಪದವಿಯ ಒಂದು ಅಂಗವಾಗಿದೆ. ಇದರ ವಿಧಿನಿಯಮಗಳನ್ನು ಓದುವವರು ವಾರಗಳ ಸಂಖ್ಯೆಯನ್ನೂ ಅಂಕಗಳ ಸಂಖ್ಯೆಯನ್ನೂ ನೋಡುವುದರ ಜೊತೆಗೆ, ಕೆಲಸದ ಸ್ಥಳಕ್ಕೆ ಹೋಗಿ ನಿಂತು ಪ್ರಶ್ನೆ ಕೇಳುವ ಅಧ್ಯಾಪಕನಿಗೆ ವಾರದಲ್ಲಿ ಎಷ್ಟು ಗಂಟೆಗಳ ಕಾಲವನ್ನು ಮೀಸಲಿಟ್ಟಿದೆಯೆಂಬುದನ್ನೂ ನೋಡಬೇಕೆಂದು ಕೇಳಿಕೊಳ್ಳುತ್ತೇನೆ. ಸಿನ್ಸಿನ್ನಾಟಿಯಲ್ಲಿ ೧೯೦೬ರ ಮೊದಲ ೨೭ ವಿದ್ಯಾರ್ಥಿಗಳಿಗೆ ದೊರೆತುದು ಅದೇ ಕಾಲ.